ಕಿಡ್ನಿ ಕಸಿ ಆದ ಮೇಲೆ ಸೋಂಕಿನ ಸುಳಿವು: ರಕ್ತದ ವರದಿ ಓದುವುದು ಹೇಗೆ?

ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಮಾತ್ರೆ ಕೊಟ್ಟು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತಾರೆ. ಜಾಸ್ತಿ ತಗ್ಗಿದರೆ ಸೋಂಕು, ಸಾಲದೆ ಹೋದರೆ ಕಿಡ್ನಿಗೇ ಕುತ್ತು. ಹದ ತಪ್ಪಿದೆಯೇ ಅಂತ ತಿಳಿಯಲು ಒಂದು ವರದಿ ಸಾಲದು. ಹಳೆಯದು, ಹೊಸದು ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆದ್ದರಿಂದ ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

ಮೊದಲು ಟ್ಯಾಕ್ರೋಲಿಮಸ್ ಲೆವೆಲ್, ಅಂದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಈ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅನ್ನುವ ಲೆಕ್ಕ. ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ. ಹಿಂದಿನ ರಾತ್ರಿಯ ಮಾತ್ರೆ ನುಂಗಿ ಸುಮಾರು 12 ಗಂಟೆ ಆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಮುಂಬೈಯಲ್ಲಿ ಡೊಂಬಿವಲಿಯಿಂದ ಪರೇಲ್‌ನ ಆಸ್ಪತ್ರೆಗೆ ಬರುವವರು ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಅಭ್ಯಾಸದಂತೆ ಮಾತ್ರೆ ನುಂಗಿಬಿಡುತ್ತಾರೆ. ಆಗ ಲೆವೆಲ್ ಸುಮ್ನೆ ಏರಿ ಕಾಣುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಕಷ್ಟ. ಮಾತ್ರೆ ಚೀಲದಲ್ಲಿರಲಿ. ಸೂಜಿ ಚುಚ್ಚಿಸಿಕೊಂಡ ಕೂಡಲೇ ನುಂಗಿ. ರಾತ್ರಿ ಮಾತ್ರೆ ತೆಗೆದುಕೊಂಡ ಹೊತ್ತನ್ನು ವರದಿಯ ಮೇಲೆ ಬರೆದಿಡಿ. ಹೊಸದಾಗಿ ಆ್ಯಂಟಿಬಯೋಟಿಕ್ ಅಥವಾ ಫಂಗಸ್ ಮಾತ್ರೆ ಶುರುವಾಗಿದ್ದರೆ ಅದನ್ನೂ ಬರೆಯಿರಿ. ಕೆಲವು ಔಷಧಿಗಳು ಈ ಲೆವೆಲನ್ನು ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಚೆನ್ನಾಗಿಯೇ ಇಳಿಸುತ್ತದೆ.

ಎರಡನೆಯದು ಲಿಂಫೋಸೈಟ್, ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲಿ ಶೇಕಡಾ ಲೆಕ್ಕ ಮಾತ್ರ ನೋಡಿ ಬಿಡಬೇಡಿ. ಒಟ್ಟು ಬಿಳಿ ರಕ್ತಕಣ 4,000, ಲಿಂಫೋಸೈಟ್ ಶೇ 12 ಅಂತಿದ್ದರೆ ಗುಣಿಸಿ: 480. ವಯಸ್ಕರಲ್ಲಿ ಸಾಮಾನ್ಯವಾಗಿ 1,000ಕ್ಕಿಂತ ಮೇಲಿರಬೇಕಾದ ಸಂಖ್ಯೆ ಇದು. ವೈರಸ್ ಜೊತೆ ಸೆಣಸುವುದೇ ಈ ಕಣಗಳಾದ್ದರಿಂದ, ವರದಿಯಿಂದ ವರದಿಗೆ ಇಳಿಯುತ್ತಾ ಬಂದರೆ ಡಾಕ್ಟರಿಗೆ ತೋರಿಸಿ. ಅವರು ಸಿಡಿ4 (ಲಿಂಫೋಸೈಟ್‌ಗಳಲ್ಲೇ ಒಂದು ಬಗೆ) ಎಣಿಕೆ ಬರೆದುಕೊಡಬಹುದು. ಅದು 200ಕ್ಕಿಂತ ಕೆಳಗಿದ್ದರೆ ನ್ಯುಮೋಸಿಸ್ಟಿಸ್ ಎಂಬ ನ್ಯುಮೋನಿಯಾದ ಭಯ ಜಾಸ್ತಿ.

ಪದೇ ಪದೇ ಕಫ, ಜ್ವರ ಬರುತ್ತಿದ್ದರೆ ಐಜಿಜಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆಯ ಬಗ್ಗೆ ಕೇಳಿ. ಡೆಸಿಲೀಟರಿಗೆ 400 ಮಿಲಿಗ್ರಾಂಗಿಂತ ಕಡಿಮೆ ಅಂದರೆ ತೀರಾ ಕಡಿಮೆ.

ಇನ್ನು ವೈರಸ್ ಎಣಿಕೆ. ದಾನಿಗೆ ಸಿಎಂವಿ (ಸೈಟೋಮೆಗಲೋ ವೈರಸ್) ಇದ್ದು, ಪಡೆದವರಿಗೆ ಇಲ್ಲದಿದ್ದರೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಈ ಮಾಹಿತಿ ಕಸಿಗೆ ಮುಂಚಿನ ಫೈಲಿನಲ್ಲೇ ಇರುತ್ತದೆ. ತಡೆಮಾತ್ರೆ ನಿಲ್ಲಿಸಿದ ಮೇಲೂ ಈ ವೈರಸ್ ತಲೆ ಎತ್ತುತ್ತದೆ, ಹಾಗಾಗಿ ಮಾತ್ರೆ ಮುಗಿಯಿತು ಅಂತ ಪರೀಕ್ಷೆ ಬಿಡಬೇಡಿ. ಕಿಡ್ನಿಯನ್ನೇ ಕೆಡಿಸುವ ಬಿಕೆ ವೈರಸ್ಸಿಗೂ ಮೊದಲ ತಿಂಗಳುಗಳಲ್ಲಿ ಪಿಸಿಆರ್ (ರಕ್ತದಲ್ಲಿ ವೈರಸ್ ಹುಡುಕುವ ಪರೀಕ್ಷೆ) ಮಾಡಿಸುತ್ತಾರೆ.

ನನಗೆ ಬಹಳ ಭರವಸೆ ಹುಟ್ಟಿಸಿರುವುದು ಟಾರ್ಕ್ ಟೆನೋ ಎಂಬ ವೈರಸ್. ನಮ್ಮಲ್ಲಿ ಬಹುಪಾಲು ಜನರ ರಕ್ತದಲ್ಲಿ ಇದು ಇದ್ದೇ ಇರುತ್ತದೆ, ಯಾವ ಕಾಯಿಲೆಯನ್ನೂ ತರುವುದಾಗಿ ಗೊತ್ತಾಗಿಲ್ಲ. ರೋಗನಿರೋಧಕ ಶಕ್ತಿ ತಗ್ಗಿದಷ್ಟೂ ಇದರ ಸಂಖ್ಯೆ ಏರುತ್ತದೆ. ಅಂದರೆ ಮಾತ್ರೆ ಜಾಸ್ತಿಯಾಗಿದೆಯೇ ಅಂತ ಇದನ್ನು ಎಣಿಸಿಯೇ ಅಂದಾಜು ಮಾಡಬಹುದು. ಯುರೋಪಿನಲ್ಲಿ ಇದನ್ನು ನೋಡಿ ಡೋಸ್ ಹೊಂದಿಸುವ ಪ್ರಯೋಗ ನಡೆದಿದೆ. ಎಲ್ಲ ಆಸ್ಪತ್ರೆಗಳಲ್ಲಿ ನಿತ್ಯದ ಪರೀಕ್ಷೆಯಾಗಿ ಇದು ಇನ್ನೂ ಬಂದಿಲ್ಲ.

ಮುಂಬೈಯಲ್ಲಿ ಟಿಬಿಯನ್ನೂ ಮರೆಯುವ ಹಾಗಿಲ್ಲ. ಕಸಿಯ ನಂತರ ಇಗ್ರಾ (ಟಿಬಿ ಸೋಂಕು ಪತ್ತೆ ಮಾಡುವ ರಕ್ತ ಪರೀಕ್ಷೆ) ನೆಗೆಟಿವ್ ಬಂದರೂ ಪೂರ್ತಿ ನಂಬಬೇಡಿ. ಆ ಪರೀಕ್ಷೆ ನಡೆಯುವುದೇ ಲಿಂಫೋಸೈಟ್‌ಗಳ ಬಲದ ಮೇಲೆ, ಅಲ್ವಾ? ಅವು ಸೋತಿದ್ದರೆ ಟಿಬಿ ಇದ್ದೂ ನೆಗೆಟಿವ್ ಬರಬಹುದು.

ವರದಿ ಎಷ್ಟೇ ಚೆನ್ನಾಗಿರಲಿ, ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ಅದೇ ದಿನ ಕಸಿ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಮೇಲೆ ಕಾಣದೆಯೂ ಸೋಂಕು ಇರಬಹುದು. ಸುಸ್ತು, ಉಸಿರುಕಟ್ಟು, ಭೇದಿ ಇದ್ದರೂ ಹೇಳಿ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ನಡೆದಿದ್ದರೆ ಅದನ್ನು ತಪ್ಪದೆ ತಿಳಿಸಿ, ಲೆಪ್ಟೋಸ್ಪೈರೋಸಿಸ್ (ಇಲಿ ಜ್ವರ) ಪರೀಕ್ಷೆಯನ್ನೂ ಅವರು ಬರೆಯಬೇಕಾಗುತ್ತದೆ.