ಸ್ಟೀಮ್ ಡೆಕ್ ಲೋಗೋದಲ್ಲೇ ನಿಂತಿದೆಯೇ? ಆಟಗಳನ್ನು ಕಳೆದುಕೊಳ್ಳದೆ ಓಎಸ್ ಸರಿಪಡಿಸಿ

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್ ಸ್ಟೀಮ್ ಡೆಕ್‌ನ ಪವರ್ ಬಟನ್ ಒತ್ತಿದಿರಿ. ಲೋಗೋ ಬಂತು. ಅಲ್ಲೇ ನಿಂತುಬಿಟ್ಟಿತು. ಇಲ್ಲವೇ ಇನ್‌ಸ್ಟಲೇಷನ್ ಪರಿಶೀಲಿಸುತ್ತಿದ್ದೇನೆ ಎಂದು ತೋರಿಸಿ, ತಾನೇ ರೀಸ್ಟಾರ್ಟ್ ಆಗಿ, ಮತ್ತೆ ಅದೇ ಕಥೆ. ಇಂಥ ಹೊತ್ತಲ್ಲಿ ಗಾಬರಿಯಲ್ಲಿ ನೇರವಾಗಿ ಫಾರ್ಮ್ಯಾಟ್‌ಗೆ ಕೈಹಾಕುವವರೇ ಜಾಸ್ತಿ. ಬೇಡ. ಅದು ಕೊನೆಯ ದಾರಿ. ಅದಕ್ಕೆ ಮೊದಲು ಇನ್ನೂ ಮೂರು ದಾರಿಗಳಿವೆ.

ವಾಲ್ವ್ ಕಂಪನಿ 2022ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದ ಸ್ಟೀಮ್ ಡೆಕ್ ಭಾರತಕ್ಕೆ ಅಧಿಕೃತವಾಗಿ ಬಂದಿಲ್ಲ. ನಮ್ಮಲ್ಲಿರುವವು ವಿದೇಶದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲೋ, ಇಂಪೋರ್ಟ್ ಅಂಗಡಿಯ ಮೂಲಕವೋ ಬಂದವು. ಕೆಟ್ಟರೆ ಹೊತ್ತುಕೊಂಡು ಹೋಗಲು ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಹಾಗಾಗಿ ಈ ಕೆಲಸ ನಾವೇ ಕಲಿತಿರುವುದು ಒಳ್ಳೆಯದು.

ಸಮಾಧಾನದ ವಿಷಯವೂ ಇದೆ. ಡೆಕ್‌ನಲ್ಲಿರುವ ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಮ್, ಸ್ಟೀಮ್ಓಎಸ್. ಅದನ್ನು ಆರ್ಚ್ ಲಿನಕ್ಸ್ ಎಂಬ ಇನ್ನೊಂದು ಓಎಸ್ ಮೇಲೆ ಕಟ್ಟಿದ್ದು. ಅದು ಸಿಸ್ಟಮ್‌ನ ಎರಡು ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ಒಂದು ಓಡುತ್ತಿರುವಾಗ ಹೊಸ ಅಪ್‌ಡೇಟ್ ಇನ್ನೊಂದರ ಮೇಲೆ ಕೂರುತ್ತದೆ. ನಿಮ್ಮ ಆಟ, ಸೇವ್ ಫೈಲ್, ಸ್ಕ್ರೀನ್‌ಶಾಟ್‌ಗಳು ಇರುವುದು ‘ಹೋಮ್’ ಎಂಬ ಬೇರೆಯೇ ಪಾರ್ಟಿಷನ್‌ನಲ್ಲಿ, ಅಂದರೆ ಡ್ರೈವ್‌ನ ಬೇರೆ ಭಾಗದಲ್ಲಿ. ಓಎಸ್ ಕೆಟ್ಟಿತು ಎಂದರೆ ಆಟಗಳೂ ಹೋದವು ಎಂದಲ್ಲ.

ಮೊದಲು ಇಷ್ಟು ಮಾಡಿ ನೋಡಿ

ಪವರ್ ಬಟನ್ ಅನ್ನು 10–12 ಸೆಕೆಂಡ್ ಒತ್ತಿ ಹಿಡಿಯಿರಿ. ಪೂರ್ತಿ ಆಫ್ ಆಗುತ್ತದೆ. ಡೆಕ್ ಜೊತೆ ಬಂದ 45 ವ್ಯಾಟ್ ಚಾರ್ಜರ್ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಆನ್ ಮಾಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಆಗಲಿಲ್ಲವೇ? ಮತ್ತೆ ಆಫ್ ಮಾಡಿ. ಬಲಗಡೆಯ ಟ್ರ್ಯಾಕ್‌ಪ್ಯಾಡ್ ಕೆಳಗೆ ಮೂರು ಚುಕ್ಕಿಯ ಬಟನ್ ಇದೆಯಲ್ಲ, ಅದನ್ನು ಒತ್ತಿ ಹಿಡಿದುಕೊಂಡೇ ಪವರ್ ಒತ್ತಿ. ‘ಟಿಂಗ್’ ಎಂದ ಮೇಲೆ ಪವರ್ ಬಿಡಿ, ಚುಕ್ಕಿಯ ಬಟನ್ ಮಾತ್ರ ಹಿಡಿದೇ ಇರಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಹಿಂದಿನ ಆವೃತ್ತಿಯನ್ನು ಆರಿಸಿ. ಅಪ್‌ಡೇಟ್ ಆದ ಮೇಲೆ ಕೈಕೊಟ್ಟಿದ್ದರೆ, ಹಳೆಯ ಪ್ರತಿಯಿಂದ ಡೆಕ್ ಏಳುವ ಸಾಧ್ಯತೆ ಹೆಚ್ಚು. ಏನೂ ಅಳಿಸುವುದಿಲ್ಲ, ಪೆನ್‌ಡ್ರೈವ್ ಕೂಡ ಬೇಕಿಲ್ಲ. ಆದರೂ ಈ ದಾರಿ ಗೊತ್ತಿರುವವರು ಕಡಿಮೆ.

ಒಂದೇ ಡ್ರೈವ್‌ನಲ್ಲಿ ವಿಂಡೋಸ್ ಕೂಡ ಹಾಕಿಕೊಂಡವರದ್ದು ಬೇರೆ ಸಮಸ್ಯೆ. ವಿಂಡೋಸ್ ತಾನೇ ಮುಂದೆ ಬಂದು ಕೂತು, ಸ್ಟೀಮ್ಓಎಸ್ ಮಾಯವಾದಂತೆ ಕಾಣುತ್ತದೆ. ಅದು ಒಳಗೇ ಇರುತ್ತದೆ. ಆಫ್ ಮಾಡಿ, ವಾಲ್ಯೂಮ್ ಅಪ್ ಹಿಡಿದು ಪವರ್ ಒತ್ತಿ. ಬರುವ ಮೆನುವಿನಲ್ಲಿ ‘ಬೂಟ್ ಫ್ರಮ್ ಫೈಲ್’ ಆರಿಸಿ, ಇಎಫ್ಐ ಫೋಲ್ಡರ್ ಒಳಗಿನ ಸ್ಟೀಮ್ಓಎಸ್ ಫೋಲ್ಡರ್‌ನಲ್ಲಿರುವ ‘ಸ್ಟೀಮ್‌ಸಿಎಲ್’ ಫೈಲ್ ಒತ್ತಿ. ಇದಕ್ಕೆ ರೀಇನ್‌ಸ್ಟಾಲ್ ಬೇಕೇ ಇಲ್ಲ.

ರಿಕವರಿ ಪೆನ್‌ಡ್ರೈವ್ ತಯಾರಿ

ಇಷ್ಟಾದರೂ ಏಳದಿದ್ದರೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಮತ್ತು ಒಂದು ಕಂಪ್ಯೂಟರ್ ಬೇಕು. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಮದುವೆ ಫೋಟೋ ಗಿಟೋ ಇದ್ದರೆ ಮೊದಲೇ ತೆಗೆದಿಡಿ. ಓಎಸ್ ಮತ್ತೆ ಹಾಕಲು ಬೇಕಾದ ಫೈಲ್, ಅಂದರೆ ರಿಕವರಿ ಇಮೇಜ್ ಅನ್ನು ಸ್ಟೀಮ್‌ನ ಸಪೋರ್ಟ್ ಪುಟದಿಂದಲೇ ಇಳಿಸಿಕೊಳ್ಳಿ. ಬೇರೆ ಯಾರೋ ಕೊಟ್ಟ ಫೈಲ್ ಬೇಡ. ನಿಮ್ಮ ಸ್ಟೀಮ್ ಪಾಸ್‌ವರ್ಡ್ ಹಾಕುವುದು ಇದೇ ಓಎಸ್ ಒಳಗೆ, ಅಲ್ವಾ?

ವಿಂಡೋಸ್‌ನಲ್ಲಿ ರೂಫಸ್, ಮ್ಯಾಕ್‌ನಲ್ಲಿ ಬಲೇನಾ ಎಚರ್ ಎಂಬ ಸಾಫ್ಟ್‌ವೇರ್ ಬಳಸಿ ಇಮೇಜ್ ಅನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ರೂಫಸ್‌ನಲ್ಲಿ ಮೇಲಿನ ಸಾಲಿನಲ್ಲಿ ಕಾಣುವ ಡ್ರೈವ್ ಹೆಸರನ್ನು ಎರಡು ಸಲ ಓದಿ. ಮನೆಯ ಬ್ಯಾಕಪ್ ಹಾರ್ಡ್‌ಡಿಸ್ಕ್ ಕೂಡ ಸಿಕ್ಕಿಸಿದ್ದರೆ ಅದನ್ನು ಕಿತ್ತಿಡಿ. ಬರೆದು ಮುಗಿದ ಮೇಲೆ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಒಂದರ ಹಿಂದೆ ಒಂದು ಕಿಟಕಿ ತೆರೆಯುತ್ತದೆ. ಅದು ಲಿನಕ್ಸ್ ಪಾರ್ಟಿಷನ್ ಓದಲಾರದೆ ಕೇಳುವ ಪ್ರಶ್ನೆ ಅಷ್ಟೇ. ಎಲ್ಲಕ್ಕೂ ಕ್ಯಾನ್ಸಲ್ ಒತ್ತಿ. ಡೆಕ್‌ನ ಮೈಕ್ರೊಎಸ್‌ಡಿ ಕಾರ್ಡನ್ನು ವಿಂಡೋಸ್‌ಗೆ ಹಾಕಿದಾಗಲೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ ಕೈತಪ್ಪಿ ಓಕೆ ಒತ್ತಿದರೆ ಕಾರ್ಡ್‌ನಲ್ಲಿದ್ದ ಆಟಗಳಿಗೆ ಎಳ್ಳುನೀರು.

ಡೆಕ್‌ಗೆ ಇರುವುದು ಒಂದೇ ಟೈಪ್-ಸಿ ಪೋರ್ಟ್. ಪೆನ್‌ಡ್ರೈವ್ ಹಾಕಿದರೆ ಚಾರ್ಜರ್‌ಗೆ ಜಾಗ ಇಲ್ಲ. ಚಾರ್ಜಿಂಗ್ ಇರುವ ಟೈಪ್-ಸಿ ಹಬ್ ಇದ್ದರೆ ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಇಲ್ಲದಿದ್ದರೆ ಬ್ಯಾಟರಿ ತುಂಬಿಸಿಕೊಂಡೇ ಶುರು ಮಾಡಿ. ನಡುವೆ ಕರೆಂಟ್ ಹೋದಂತೆ ಆದರೆ ಕೆಲಸ ಇನ್ನಷ್ಟು ಹದಗೆಡುತ್ತದೆ.

ನಾಲ್ಕು ಐಕಾನ್, ಒಂದನ್ನೇ ಒತ್ತಬೇಕು

ಆಫ್ ಆಗಿರುವ ಡೆಕ್‌ಗೆ ಪೆನ್‌ಡ್ರೈವ್ ಹಾಕಿ. ವಾಲ್ಯೂಮ್ ಡೌನ್ ಹಿಡಿದು ಪವರ್ ಒತ್ತಿ. ಸದ್ದು ಕೇಳಿದ ಮೇಲೆ ವಾಲ್ಯೂಮ್ ಬಿಡಿ. ಬೂಟ್ ಮ್ಯಾನೇಜರ್‌ನಲ್ಲಿ ಇಎಫ್ಐ ಯುಎಸ್‌ಬಿ ಎಂಬ ಸಾಲು ಆರಿಸಿ. ಪರದೆ ಕಪ್ಪಾಗುತ್ತದೆ. ತುಂಬ ಹೊತ್ತು ಕಪ್ಪಾಗಿಯೇ ಇರಬಹುದು. ಕೈ ಕಟ್ಟಿಕೊಂಡು ಕಾಯಿರಿ, ಪೆನ್‌ಡ್ರೈವ್ ಕೀಳಬೇಡಿ.

ಆಮೇಲೆ ಬರುವುದು ಕಂಪ್ಯೂಟರ್‌ನಂಥ ಡೆಸ್ಕ್‌ಟಾಪ್. ಬಲ ಟ್ರ್ಯಾಕ್‌ಪ್ಯಾಡ್ ಮೌಸ್, ಆರ್2 ಟ್ರಿಗರ್ ಕ್ಲಿಕ್. ಇಲ್ಲಿ ನಾಲ್ಕು ಐಕಾನ್ ಇವೆ. ಎಡವುವುದು ಇಲ್ಲೇ.

‘ರೀಇನ್‌ಸ್ಟಾಲ್ ಸ್ಟೀಮ್ಓಎಸ್’: ಓಎಸ್ ಮಾತ್ರ ಹೊಸದಾಗಿ ಹಾಕುತ್ತದೆ, ಆಟ ಮತ್ತು ಫೈಲ್‌ಗಳನ್ನು ಉಳಿಸಲು ನೋಡುತ್ತದೆ. ನಿಮಗೆ ಮೊದಲು ಬೇಕಾದ್ದು ಇದು.

‘ರೀಇಮೇಜ್ ಸ್ಟೀಮ್ ಡೆಕ್’: ಒಳಗಿನ ಡ್ರೈವ್ ಪೂರ್ತಿ ಒರೆಸುತ್ತದೆ. ಆಟ, ಸೇವ್, ವಿಂಡೋಸ್, ಎಲ್ಲವೂ ಹೋಗುತ್ತದೆ. ಹೆಸರು ನೋಡಿದರೆ ಅಷ್ಟೇನೂ ಅಪಾಯ ಎನಿಸುವುದಿಲ್ಲ. ಅದೇ ತೊಂದರೆ.

‘ಕ್ಲಿಯರ್ ಲೋಕಲ್ ಯೂಸರ್ ಡೇಟಾ’ ಹೋಮ್ ಪಾರ್ಟಿಷನ್ ಮಾತ್ರ ಅಳಿಸುತ್ತದೆ. ಡೆಕ್ ಮಾರುವವರಿಗೆ ಸರಿ, ನಮಗಲ್ಲ. ‘ರಿಕವರಿ ಟೂಲ್ಸ್’ ಲಿನಕ್ಸ್ ಕಮಾಂಡ್ ಗೊತ್ತಿದ್ದವರಿಗೆ. ಟೈಪ್ ಮಾಡಲು ಯುಎಸ್‌ಬಿ ಕೀಬೋರ್ಡ್ ಬೇಕಾಗುತ್ತದೆ.

ಯಾವುದನ್ನೂ ಒತ್ತುವ ಮೊದಲು ಸೇವ್ ಫೈಲ್ ತೆಗೆದಿಡಿ. ಸ್ಟೀಮ್ ಕ್ಲೌಡ್ ಇರುವ ಆಟಗಳದ್ದು ವಾಲ್ವ್ ಸರ್ವರ್‌ನಲ್ಲಿರುತ್ತದೆ. ಆದರೆ ಎಲ್ಲ ಆಟಗಳಿಗೂ ಆ ಸೌಲಭ್ಯ ಇಲ್ಲ. ಎಮ್ಯುಲೇಟರ್‌ನಲ್ಲಿ (ಹಳೆಯ ಗೇಮ್ ಯಂತ್ರಗಳನ್ನು ಅನುಕರಿಸುವ ಸಾಫ್ಟ್‌ವೇರ್) ಆಡುವ ಹಳೆಯ ಆಟಗಳಿಗಂತೂ ಇಲ್ಲವೇ ಇಲ್ಲ ಎಂದುಕೊಳ್ಳಿ. ಇದೇ ಡೆಸ್ಕ್‌ಟಾಪ್‌ನಲ್ಲಿ ಡಾಲ್ಫಿನ್ ಎಂಬ ಫೈಲ್ ಮ್ಯಾನೇಜರ್ ತೆರೆಯಿರಿ. ಎಡಗಡೆ ಹೋಮ್ ಪಾರ್ಟಿಷನ್ ಕಂಡರೆ ಅದರೊಳಗಿನ ‘ಡೆಕ್’ ಫೋಲ್ಡರ್‌ಗೆ ಹೋಗಿ. ಮೆನುವಿನಲ್ಲಿ ಮರೆಯಾದ ಫೈಲ್‌ಗಳನ್ನು ತೋರಿಸಲು ಹೇಳಿ. ‘.ಲೋಕಲ್’, ಅದರೊಳಗೆ ‘ಶೇರ್’, ಅದರೊಳಗೆ ‘ಸ್ಟೀಮ್’ ತೆರೆಯಿರಿ. ಅಲ್ಲಿ ಸ್ಟೀಮ್‌ನ ಆಟಗಳು ಇರುವ ‘ಸ್ಟೀಮ್‌ಆ್ಯಪ್ಸ್’ ಒಳಗೆ ‘ಕಾಂಪ್ಯಾಟ್‌ಡೇಟಾ’ ಎಂಬ ಫೋಲ್ಡರ್ ಇರುತ್ತದೆ. ವಿಂಡೋಸ್ ಆಟಗಳ ಸೇವ್ ಸಾಮಾನ್ಯವಾಗಿ ಇದರಲ್ಲೇ. ಒಳಗೆ ಬರೀ ನಂಬರ್‌ಗಳ ಹೆಸರಿನ ಫೋಲ್ಡರ್‌ಗಳು. ಯಾವುದು ಯಾವ ಆಟದ್ದು ಎಂದು ತಲೆಕೆಡಿಸಿಕೊಳ್ಳದೆ ಇಡೀ ಫೋಲ್ಡರನ್ನೇ ಡೆಕ್‌ನಲ್ಲಿ ಫಾರ್ಮ್ಯಾಟ್ ಆದ ಮೈಕ್ರೊಎಸ್‌ಡಿ ಕಾರ್ಡ್‌ಗೆ ಕಾಪಿ ಮಾಡಿ. ಆಮೇಲೆ ಸೇಫ್ ಆಗಿ ಇಜೆಕ್ಟ್ ಮಾಡಿ ಕಾರ್ಡನ್ನು ಹೊರಗೆ ತೆಗೆದಿಡಿ.

ಈಗ ರೀಇನ್‌ಸ್ಟಾಲ್ ಐಕಾನ್ ಒತ್ತಿ. ಮುಂದುವರಿಯಲೇ ಎಂದು ಕೇಳುತ್ತದೆ. ಓದಿ, ಒಪ್ಪಿ. ಕಪ್ಪು ಕಿಟಕಿಯಲ್ಲಿ ಸಾಲುಗಳು ಓಡುತ್ತವೆ. ಮುಗಿದ ಮೇಲೆ ರೀಬೂಟ್ ಕೇಳುತ್ತದೆ.

ಏಳುವಾಗ ಏನೇನು ಬೇಕು

ವೈಫೈ ಬೇಕು. ಸ್ಟೀಮ್ ಪಾಸ್‌ವರ್ಡ್ ಕೇಳಬಹುದು. ಸ್ಟೀಮ್ ಗಾರ್ಡ್ ಕೋಡ್ ಬರುವ ಫೋನ್ ಅಥವಾ ಇಮೇಲ್ ಕೈಯಲ್ಲಿರಲಿ. ರಿಕವರಿ ಇಮೇಜ್‌ನಲ್ಲಿ ಇರುವುದು ಸ್ವಲ್ಪ ಹಳೆಯ ಆವೃತ್ತಿ ಆಗಿರಬಹುದು. ಹಾಗಾಗಿ ಮೊದಲ ಸಲ ಅಪ್‌ಡೇಟ್ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಆದರೆ ಡೇಟಾ ನೋಡಿಕೊಳ್ಳಿ.

ರೀಇನ್‌ಸ್ಟಾಲ್ ಮಾಡಿದ ಮೇಲೂ ಅದೇ ಗೋಳಾದರೆ ಆಗ ರೀಇಮೇಜ್. ಅದೂ ಅರ್ಧದಲ್ಲಿ ಎರರ್ ಕೊಟ್ಟು ನಿಂತರೆ, ಅಥವಾ ಒಳಗಿನ ಡ್ರೈವ್ ಕಾಣುತ್ತಲೇ ಇಲ್ಲ ಎಂದರೆ ಮೊದಲು ಬೇರೆ ಪೆನ್‌ಡ್ರೈವ್‌ನಲ್ಲಿ ಇಮೇಜ್ ಹೊಸದಾಗಿ ಬರೆದು ನೋಡಿ. ಆಗಲೂ ಹಾಗೇ ಆದರೆ ತಪ್ಪು ಓಎಸ್‌ನದ್ದಲ್ಲ, ಒಳಗಿನ ಡ್ರೈವ್ ಆದ ಎಸ್‌ಎಸ್‌ಡಿಯದ್ದೇ ಇರಬಹುದು. ಡೆಕ್‌ಗೆ ಕೂರುವುದು 2230 ಎಂಬ ಚಿಕ್ಕ ಅಳತೆಯ ಎಂ.2 ಎನ್‌ವಿಎಂಇ ಡ್ರೈವ್. ಲ್ಯಾಪ್‌ಟಾಪ್‌ಗೆ ಹಾಕುವ ಉದ್ದದ 2280 ಒಳಗೆ ಹಿಡಿಸುವುದಿಲ್ಲ, ಅಂಗಡಿಯಲ್ಲಿ ಅಳತೆ ನೋಡಿಯೇ ತನ್ನಿ. ಬಿಚ್ಚುವ ಮೊದಲು ಒಳಗಿರುವ ಮೈಕ್ರೊಎಸ್‌ಡಿ ಕಾರ್ಡ್ ತೆಗೆಯಲು ಮರೆಯಬೇಡಿ. ಹಾಗೇ ಬಿಟ್ಟು ಹಿಂಬದಿಯ ಮುಚ್ಚಳ ಎಬ್ಬಿಸಿದರೆ ಕಾರ್ಡ್ ಎರಡು ತುಂಡಾಗುತ್ತದೆ. ಹೊಸ ಡ್ರೈವ್ ಕೂರಿಸಿದ ಮೇಲೆ ಅದೇ ಪೆನ್‌ಡ್ರೈವ್ ಹಾಕಿ ರೀಇಮೇಜ್ ಒತ್ತಬಹುದು. ಖಾಲಿ ಡ್ರೈವ್‌ನಲ್ಲಿ ಅಳಿಸಲು ಏನೂ ಇರುವುದಿಲ್ಲ.