‘ನೆಗೆಟಿವ್’ ಅನ್ನುವ ಮುಂಚೆ

2020ರ ಜುಲೈ ಕೊನೆಗೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ಕೋವಿಡ್ ರ‍್ಯಾಪಿಡ್ ಆಂಟಿಜೆನ್ ಕಿಟ್ ಬಂದಾಗ ಲ್ಯಾಬ್‌ನಲ್ಲಿದ್ದ ನಮಗೆಲ್ಲ ಹಬ್ಬ. ಅಲ್ಲಿಯವರೆಗೆ ಆರ್‌ಟಿ-ಪಿಸಿಆರ್ ರಿಪೋರ್ಟಿಗೆ ಎರಡು ಮೂರು ದಿನ ಕಾಯಬೇಕಿತ್ತು. ಇದರಲ್ಲಿ ಹದಿನೈದೇ ನಿಮಿಷ.

ಎರಡು ವಾರ ಕಳೆದಿತ್ತು. ಒಬ್ಬರು ಬಂದರು. ಎರಡು ದಿನದಿಂದ ಜ್ವರ, ನಾಲಿಗೆಗೆ ರುಚಿ ಇಲ್ಲ. ಮೂಗಿಗೆ ಕಡ್ಡಿ ಹಾಕುತ್ತಿದ್ದಂತೆ ತಲೆ ಹಿಂದಕ್ಕೆ ಎಳೆದುಕೊಂಡರು. ಹೊರಗೆ ಉದ್ದದ ಸಾಲು. ಸಾಕು ಬಿಡು ಅಂತ ಕಡ್ಡಿ ತೆಗೆದುಬಿಟ್ಟೆ. ಕಿಟ್ ಕೆಲಸ ಮಾಡಿದೆ ಅನ್ನುವ ‘ಸಿ’ ಗೆರೆಯೊಂದೇ ಬಂತು, ಸೋಂಕು ತೋರಿಸುವ ಎರಡನೇ ಗೆರೆ ಇಲ್ಲ.

“ನೆಗೆಟಿವ್ ಅಲ್ವಾ ಮೇಡಂ? ನಾಳೆ ತಂಗಿ ಸೀಮಂತ, ಹೋಗ್ಬಹುದಾ?”

ನಾನು ಹೂಂ ಅನ್ನುವವಳಿದ್ದೆ. ಡಾಕ್ಟರ್ ಬಿಡಲಿಲ್ಲ. ಲಕ್ಷಣ ಇದ್ದು ನೆಗೆಟಿವ್ ಬಂದರೆ ಪಿಸಿಆರ್ ಮಾಡಲೇಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳಿತ್ತು. ಮೂರನೇ ದಿನ ರಿಪೋರ್ಟ್ ಬಂತು. ಪಾಸಿಟಿವ್.

ತಪ್ಪು ಕಿಟ್‌ದೋ, ನನ್ನದೋ? ಎರಡರದೂ ಇರಬೇಕು. ಪಿಸಿಆರ್‌ಗೆ ವೈರಸ್ಸಿನ ಆರ್‌ಎನ್‌ಎ ಚೂರು ಸಿಕ್ಕರೂ ನಕಲು ಮಾಡಿ ಮಾಡಿ ಹೆಚ್ಚಿಸಿಕೊಳ್ಳುತ್ತದೆ. ಆಂಟಿಜೆನ್ ಕಿಟ್‌ಗೆ ಕಡ್ಡಿಗೆ ಹತ್ತಿದ ವೈರಸ್ಸಿನ ಪ್ರೋಟೀನ್ ಎಷ್ಟೋ ಅಷ್ಟೇ. ಆ ವರ್ಷ ಜೂನ್‌ನಲ್ಲಿ ಐಸಿಎಂಆರ್ ಒಪ್ಪಿದ ಮೊದಲ ಕಿಟ್ ಭಾರತದಲ್ಲಿ ನಡೆದ ಪರೀಕ್ಷೆಯಲ್ಲಿ ಸೋಂಕು ಹಿಡಿದದ್ದು ಶೇ. 50.6ರಿಂದ 84. ಅಂದರೆ ನೂರು ಸೋಂಕಿತರಲ್ಲಿ 16ರಿಂದ 49 ಜನ ಕಣ್ತಪ್ಪಿಸಿ ಹೋಗಬಹುದು. ಸೋಂಕಿಲ್ಲದವರನ್ನು ಇಲ್ಲ ಅನ್ನುವುದರಲ್ಲಿ ಮಾತ್ರ ಶೇ. 99.3ಕ್ಕಿಂತ ಕಡಿಮೆ ಇರಲಿಲ್ಲ. ಹಾಗಾಗಿ ಪಾಸಿಟಿವ್ ಬಂದರೆ ಮತ್ತೆ ಪಿಸಿಆರ್ ಕೇಳುತ್ತಿರಲಿಲ್ಲ.

ಅವತ್ತಿನಿಂದ ಅವಸರ ಬಿಟ್ಟೆ. ಕಡ್ಡಿ ಮೂಗಿನ ಹಿಂಭಾಗದವರೆಗೆ ಹೋಗಬೇಕು, ಅಲ್ಲಿ ಮೂರು ನಾಲ್ಕು ಸುತ್ತು ತಿರುಗಬೇಕು. ಕಣ್ಣಲ್ಲಿ ನೀರು ಬರುತ್ತದೆ, ಬೈಯುತ್ತಾರೆ, ಬೈಯಲಿ. ಬಫರ್ ದ್ರವ ಇರುವ ಟ್ಯೂಬಿನಲ್ಲಿ ಕಲಕಿ, ಟ್ಯೂಬನ್ನು ಹೊರಗಿನಿಂದ ಒತ್ತಿ ಕಡ್ಡಿ ಹಿಂಡಿ ತೆಗೆಯುತ್ತೇನೆ. ಮೂರು ಹನಿ ಹಾಕಿದ ಕೂಡಲೇ ಕಿಟ್ ಮೇಲೆ ಪೆನ್ನಿನಿಂದ ಗಂಟೆ ಬರೆಯುತ್ತೇನೆ.

ಈ ಗಂಟೆ ಬರೆಯುವುದಕ್ಕೂ ಒಂದು ಕಥೆ ಇದೆ. ಒಂದು ಸಂಜೆ ಕಸಕ್ಕೆ ಹಾಕುವಾಗ ಬೆಳಗಿನ ನೆಗೆಟಿವ್ ಕಿಟ್ ಒಂದರಲ್ಲಿ ಎರಡನೇ ಗೆರೆ ಕಂಡಿತು! ಎದೆ ಧಸಕ್ ಅಂತು. ಆಮೇಲೆ ನೆನಪಾಯಿತು, ಮೂವತ್ತು ನಿಮಿಷ ದಾಟಿದ ಮೇಲೆ ಮೂಡುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದರೆ ಸಮಯದೊಳಗೆ ಬಂದರೆ ಎಷ್ಟೇ ಮಸುಕಾಗಿರಲಿ, ಅದು ಪಾಸಿಟಿವ್ವೇ.

ಈಗ ಜ್ವರ, ಕೆಮ್ಮು ಇದ್ದವರಿಗೆ ಬರೀ ‘ನೆಗೆಟಿವ್’ ಅನ್ನುವುದಿಲ್ಲ. “ಈ ಟೆಸ್ಟಲ್ಲಿ ಕಾಣ್ಲಿಲ್ಲ” ಅನ್ನುತ್ತೇನೆ.

“ಅಂದ್ರೆ ಇದೆಯೋ ಇಲ್ವೋ ಹೇಳಿ ಮೇಡಂ” ಅಂತ ರೇಗುತ್ತಾರೆ.

“ಅದಕ್ಕೇ ಇನ್ನೊಂದು ಕಡ್ಡಿ” ಅನ್ನುತ್ತಾ ಪಿಸಿಆರ್ ಟ್ಯೂಬ್ ತೆಗೆಯುತ್ತೇನೆ.