ಆಹಾರತಜ್ಞರನ್ನು ಕಾಣುವ ಮುನ್ನ ಬರೆದಿಡಬೇಕಾದ ಮೂರು ದಿನಗಳ ಊಟದ ಲೆಕ್ಕ

ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಪಥ್ಯ ಕೇಳಲು ಹೋದಾಗ ಆಹಾರತಜ್ಞರು ಮೊದಲು ಕೇಳುವುದು ದಿನಕ್ಕೆ ಏನೇನು ತಿನ್ನುತ್ತೀರಿ ಎಂದು. ನಾವು ಹೇಳುವುದು "ಎಲ್ಲರ ಹಾಗೆ, ಬೆಳಗ್ಗೆ ದೋಸೆ, ಮಧ್ಯಾಹ್ನ ಊಟ, ರಾತ್ರಿ ಗಂಜಿ" ಎಂದು. ಇಷ್ಟನ್ನೇ ಕೇಳಿ ಬರೆದುಕೊಟ್ಟ ಚೀಟಿ ನಮ್ಮ ಅಡುಗೆಮನೆಗೆ ಹೊಂದದಿದ್ದರೆ ತಪ್ಪು ಅವರೊಬ್ಬರದೇ ಅಲ್ಲ. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ಇದರ ಮೇಲೆ ಮಲಯಾಳ ಭಾಷೆಯ ತೊಡಕೂ ಇದೆ. ನನ್ನ ಅಮ್ಮನಿಗೆ ಒಂದು ಆಸ್ಪತ್ರೆಯಲ್ಲಿ ದಿನವೂ "ಪಯರ್" ತಿನ್ನಬೇಕೆಂದು ಹೇಳಿದ್ದರು. ಅಮ್ಮ ಒಂದು ತಿಂಗಳು ತಪ್ಪದೆ ಅಲಸಂಡೆ ಪಲ್ಯ ಮಾಡಿ ತಿಂದರು; ಹೇಳಿದವರ ಮನಸ್ಸಿನಲ್ಲಿದ್ದದ್ದು ಚೆರುಪಯರ್, ಅಂದರೆ ಹೆಸರುಕಾಳು. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ, ಹಸಿ ಅಲಸಂಡೆಯಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ. ಆ ತಿಂಗಳ ಶ್ರದ್ಧೆಯೆಲ್ಲ ಹೀಗೆ ವ್ಯರ್ಥವಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಮೊದಲು ಯಾರ ಬಳಿ ಹೋಗುತ್ತಿದ್ದೇವೆ ಎಂಬುದನ್ನು ತಿಳಿದುಕೊಳ್ಳಬೇಕು. 1963ರಲ್ಲಿ ಸ್ಥಾಪನೆಯಾದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಈ ವೃತ್ತಿಯವರ ಸಂಘಟನೆ. ವಿದ್ಯಾರ್ಹತೆ, ತರಬೇತಿ ಮತ್ತು ಪರೀಕ್ಷೆಯ ಆಧಾರದ ಮೇಲೆ ಅದು ನೀಡುವ "ರಿಜಿಸ್ಟರ್ಡ್ ಡಯಟೀಷಿಯನ್" ಮಾನ್ಯತೆಯನ್ನು ಹೆಸರಿನ ಮುಂದಿನ ಆರ್.ಡಿ. ಎಂಬ ಅಕ್ಷರಗಳು ಸೂಚಿಸುತ್ತವೆ. ಏನು ಓದಿದ್ದೀರಿ, ನೋಂದಣಿ ಇದೆಯೇ ಎಂದು ಕೇಳುವುದು ಅವಿನಯವಲ್ಲ. ಆಹಾರದ ಬಗ್ಗೆ ಕೇಳುವ ಮೊದಲೇ ಪುಡಿಯ ಡಬ್ಬಿಯನ್ನು ಮೇಜಿನ ಮೇಲಿಡುವವರಿಂದ ದೂರವಿರುವುದು ಲೇಸು.

ಲೆಕ್ಕ ಬರೆಯಲು ಮೂರು ದಿನ ಸಾಕು: ಎರಡು ಸಾಮಾನ್ಯ ದಿನ, ಒಂದು ಭಾನುವಾರ. ತಿಂದ ಕೂಡಲೇ, ಸಮಯದೊಂದಿಗೆ, ಕನ್ನಡದಲ್ಲೇ ಬರೆಯಿರಿ. ರಾತ್ರಿ ಕುಳಿತು ನೆನಪಿನಿಂದ ಬರೆದ ಪಟ್ಟಿಯಲ್ಲಿ ನಾಲ್ಕು ಗಂಟೆಯ ಚಹಾದ ಜೊತೆಗಿನ ಎರಡು ಬಿಸ್ಕತ್ತು ಖಂಡಿತ ಬಿಟ್ಟುಹೋಗುತ್ತದೆ. ಅಳತೆಗೆ ಹೊಸ ಸಾಮಾನು ಬೇಡ. ದಿನವೂ ಬಡಿಸುವ ಸೌಟಿಗೆ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಔಷಧದ ಅಳತೆ ಮುಚ್ಚಳದಿಂದ ಒಮ್ಮೆ ನೋಡಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರೆ, ಮುಂದೆ "ಸಾಂಬಾರು ಎರಡು ಸೌಟು" ಎಂದರೂ ಸರಿಯಾದ ಅಳತೆಯಾಗುತ್ತದೆ. ಎಣ್ಣೆ ಮತ್ತು ಉಪ್ಪನ್ನು ಮಾತ್ರ ಮನೆಯ ತಿಂಗಳ ಖರ್ಚಿನಿಂದ ಲೆಕ್ಕ ಹಾಕಬೇಕು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಮೂರು ಲೀಟರ್ ತೆಂಗಿನೆಣ್ಣೆ ಮುಗಿದರೆ ಒಬ್ಬರಿಗೆ ದಿನಕ್ಕೆ 25 ಮಿಲಿಲೀಟರ್ ಆಯಿತು. ಉಪ್ಪು ದಿನಕ್ಕೆ ಐದು ಗ್ರಾಂ ಮೀರಬಾರದು ಎಂಬ ಮಿತಿಯಂತೆ ಅದೇ ಮನೆಗೆ ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಇದರಲ್ಲಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪು ಸೇರಿಲ್ಲ, ಅವನ್ನು ಬೇರೆಯಾಗಿ ಬರೆಯಿರಿ.

ಅನ್ನದ ವಿಷಯದಲ್ಲಿ "ಅನ್ನ" ಎಂದಷ್ಟೇ ಬರೆದರೆ ಸಾಲದು. ಕುಚ್ಚಲಕ್ಕಿಯೋ, ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆಯೋ, ತೆಳಿ ಬಸಿಯುತ್ತೀರೋ ಗಂಜಿಯೊಂದಿಗೆ ಕುಡಿಯುತ್ತೀರೋ ಎಂಬುದೂ ಬೇಕು. ಕುಚ್ಚಲಕ್ಕಿಗಾಗಿ ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳ ಒಂದು ಪಾಲು ಅಕ್ಕಿಯೊಳಗೆ ಸೇರುತ್ತದೆ. ತೆಳಿ ಚೆಲ್ಲಿದಾಗ ಸ್ವಲ್ಪ ಹೊರಗೆ ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಮೂಲವೂ ಇಂಥದೇ ಪ್ರಶ್ನೆಯಲ್ಲಿದೆ: ಬಿ1 ಜೀವಸತ್ವದ ಕೊರತೆಯಿಂದ ಬರುವ ಬೆರಿಬೆರಿ ರೋಗದ ಅಧ್ಯಯನಕ್ಕೆಂದು 1918ರಲ್ಲಿ ಕೂನೂರಿನಲ್ಲಿ ಅದು ಆರಂಭವಾಯಿತು. ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಆಹಾರಗಳ ಪೋಷಕಾಂಶಗಳ ವಿವರವಿದೆ. ನೀವು ಅಕ್ಕಿಯ ಜಾತಿಯನ್ನೂ ಹಸಿ ತೂಕವನ್ನೂ ಬರೆದರೆ ಮಾತ್ರ ಆಹಾರತಜ್ಞರಿಗೆ ಅಂಥ ಕೋಷ್ಟಕದಿಂದ ಸರಿಯಾದ ಲೆಕ್ಕ ತೆಗೆಯಲು ಸಾಧ್ಯ.

ಊಟವೆಂದು ನಾವು ಎಣಿಸದವನ್ನೂ ಬರೆಯಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಆದ್ದರಿಂದ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮುಚ್ಚಿಡಬಾರದು. ಬಸಳೆಯಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯವರು ವಾರಕ್ಕೆಷ್ಟು ಸಲ ಎಂದು ಗುರುತು ಹಾಕಲಿ. ಊಟದ ಜೊತೆಗಿನ ಚಹಾ, ಕಾಫಿ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ತಡೆಯುತ್ತವೆ, ಆದ್ದರಿಂದ ರಕ್ತಹೀನತೆಯವರಿಗೆ ಕುಡಿದ ಸಮಯವೂ ಮುಖ್ಯ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸರು ಪಾತ್ರೆಯಲ್ಲಿ ಉಳಿದದ್ದನ್ನು ಬರೆಯಬೇಕೇ ಹೊರತು ಅಂದು ಅಡುಗೆ ಮಾಡಿದ್ದನ್ನಲ್ಲ. ಈ ಒಂದು ವಿಷಯದಲ್ಲಿ ಮನೆಯವರೇ ಒತ್ತಾಯಿಸಿ ನಿಜ ಬರೆಸಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಹಲಸಿನ ಕಾಲದಲ್ಲಿ ಹೋಗುವವರು ಉಳಿದ ತಿಂಗಳುಗಳಲ್ಲಿ ಏನು ತಿನ್ನುತ್ತೀರಿ ಎಂದೂ ಒಂದು ಸಾಲು ಸೇರಿಸಿ. ನುಂಗುವ ಮಾತ್ರೆಗಳ ಹೆಸರು, ಇತ್ತೀಚಿನ ರಕ್ತಪರೀಕ್ಷೆಯ ವರದಿ ಪುಸ್ತಕದ ಜೊತೆಯಲ್ಲೇ ಇರಲಿ.

ಕೊನೆಯದಾಗಿ ಹೆಸರುಗಳು. ಪುಸ್ತಕದ ಹಿಂದಿನ ಪುಟದಲ್ಲಿ ಎರಡು ಸಾಲು ಮಾಡಿ, ಕನ್ನಡ ಹೆಸರಿನ ಎದುರು ಮಲಯಾಳದ ಹೆಸರನ್ನು, ಅಂದರೆ ಹರಿವೆಯ ಎದುರು ಚೀರ, ಬೂತಾಯಿಯ ಎದುರು ಮತ್ತಿ, ಬಂಗುಡೆಯ ಎದುರು ಅಯಲ, ಹುರುಳಿಯ ಎದುರು ಮುದಿರ ಎಂದು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಚೀಟಿ ಕೈಗೆ ಬಂದೊಡನೆ ಎದ್ದುಬಿಡಬೇಡಿ. ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ, ಅದು ಕಾಳೋ ತರಕಾರಿಯೋ, ಹಸಿಯದೋ ಬೇಯಿಸಿದ್ದೋ, ನಿಮ್ಮ ಸೌಟಿನಲ್ಲಿ ಎಷ್ಟು ಎಂದು ಕೇಳಿ, ಪಕ್ಕದಲ್ಲಿ ಕನ್ನಡದ ಹೆಸರು ಬರೆದ ಮೇಲೆಯೇ ಕೋಣೆಯಿಂದ ಹೊರಡಿ.